ಅಗ್ಗದ ದೈತ್ಯನ ಒಳಗಿರುವ ಮನುಷ್ಯ



ಲೋಕಜೀವನದಲ್ಲಿ ಭಯವೆಂಬುದು ಯಾರಿಗೂ ಬೇಡವಾದ ಭಾವ. ಹಾವನ್ನು ಕಂಡರೆ ಹಿಂದೆ ಸರಿಯುತ್ತೇವೆ, ಸಿಡಿಲು ಬಡಿದರೆ ಕಿವಿ ಮುಚ್ಚಿಕೊಳ್ಳುತ್ತೇವೆ. ಆದರೆ ಅದೇ ಭಯವು ರಂಗದ ಮೇಲೆ ಬಂದಾಗ ದುಡ್ಡು ಕೊಟ್ಟು ಹೋಗಿ ನೋಡುತ್ತೇವೆ, ನೋಡಿ ಸಂತೋಷಪಡುತ್ತೇವೆ. ಈ ಸೋಜಿಗವನ್ನು ನಮ್ಮ ಪ್ರಾಚೀನ ಮೀಮಾಂಸಕರು ಚೆನ್ನಾಗಿ ಬಲ್ಲವರಾಗಿದ್ದರು. ಭರತಮುನಿಯು ಭಯಾನಕವನ್ನೂ ಅದ್ಭುತವನ್ನೂ ರಸಗಳ ಸಾಲಿನಲ್ಲಿ ಸೇರಿಸಿದನು. ಮೊದಲನೆಯದಕ್ಕೆ ಭಯವೂ ಎರಡನೆಯದಕ್ಕೆ ವಿಸ್ಮಯವೂ ಸ್ಥಾಯಿಭಾವಗಳೆಂದು ಹೇಳಿದನು. ಕಲೆಯಲ್ಲಿ ಮೂಡುವ ಭಯವು ನೋಡುವವನ ಸ್ವಂತ ಭಯವಾಗಿರದೆ ರಸವಾಗಿ ಮಾರ್ಪಡುತ್ತದೆ ಎಂಬುದು ಮುಂದಿನ ಆಲಂಕಾರಿಕರ ವಿವರಣೆ.

ಆದರೆ ಇಲ್ಲೊಂದು ತೊಡಕು ಉಂಟು. ಭಯ ಹುಟ್ಟಿಸಬೇಕಾದ ರಾಕ್ಷಸಮೃಗವು ರಬ್ಬರಿನ ಗವಸೆಂದು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದರೆ? ಅದು ತುಳಿದು ಕೆಡಹುವ ಮಹಾನಗರವು ರಟ್ಟು ಮತ್ತು ಗಾರೆಯ ಆಟಿಕೆಯೆಂದು ಸಣ್ಣ ಮಗುವಿಗೂ ತಿಳಿಯುತ್ತಿದ್ದರೆ? ಆಗ ಭಯವೂ ಇಲ್ಲ, ಭ್ರಮೆಯೂ ಇಲ್ಲ. ಹಾಗಿದ್ದರೂ ಅಂಥ ಚಿತ್ರಗಳನ್ನು ಲೋಕದ ಉದ್ದಗಲಕ್ಕೂ ಜನ ಎಪ್ಪತ್ತು ವರ್ಷಗಳಿಂದ ಪ್ರೀತಿಯಿಂದ ನೋಡುತ್ತ ಬಂದಿದ್ದಾರೆ. ರಜೆಯ ದಿನಗಳಲ್ಲಿ ಮಕ್ಕಳು ಇಂಥದ್ದನ್ನು ಹಾಕಿಕೊಂಡು ಕುಳಿತರೆ ಮನೆಯ ಹಿರಿಯರು, ‘ಇದೇನು ಗೊಂಬೆಯಾಟ!’ ಎಂದು ನಕ್ಕು ಎದ್ದುಹೋಗುವುದುಂಟು. ಆ ನಗೆ ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಈ ಪರಂಪರೆಯ ಮೂಲಪುರುಷ ಜಪಾನಿನ ಗೊಜಿರಾ. ಹೊರದೇಶಗಳಲ್ಲಿ ಗಾಡ್ಜಿಲ್ಲಾ ಎಂದು ಪ್ರಸಿದ್ಧ. ಗೊರಿಲ್ಲಾ ಎಂಬುದರ ಮೊದಲ ತುಂಡನ್ನೂ, ತಿಮಿಂಗಿಲಕ್ಕೆ ಜಪಾನೀ ಭಾಷೆಯಲ್ಲಿರುವ ‘ಕುಜಿರಾ’ ಎಂಬ ಶಬ್ದದ ಬಾಲವನ್ನೂ ಕೂಡಿಸಿ ಈ ಹೆಸರನ್ನು ಕಟ್ಟಿದರು. ಇಂಥ ಜೀವಿಗಳನ್ನು ಅಲ್ಲಿಯವರು ‘ಕೈಜು’, ಅಂದರೆ ವಿಚಿತ್ರ ಮೃಗ, ಎಂದು ಕರೆಯುತ್ತಾರೆ. 1954ರಲ್ಲಿ ತೋಹೋ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕಾ ಅವರು ಇಂಡೋನೇಷ್ಯಾದೊಂದಿಗೆ ಕೂಡಿ ಮಾಡಬೇಕಿದ್ದ ಚಿತ್ರವೊಂದು ನಿಂತುಹೋಯಿತು. ಆ ತೆರವನ್ನು ತುಂಬಲು ಅವರು ಆರಿಸಿಕೊಂಡದ್ದು ಸಮುದ್ರದಿಂದ ಎದ್ದುಬರುವ ದೈತ್ಯನ ಕಥೆಯನ್ನು. ನಿರ್ದೇಶನ ಇಶಿರೋ ಹೊಂಡಾ ಅವರದು. ತಂತ್ರದೃಶ್ಯಗಳ ಹೊಣೆ ಎಯ್ಜಿ ತ್ಸುಬುರಾಯಾ ಅವರದು.

1933ರ ಅಮೆರಿಕನ್ ಚಿತ್ರ ‘ಕಿಂಗ್ ಕಾಂಗ್’ ತ್ಸುಬುರಾಯಾ ಅವರಿಗೆ ಬಹಳ ಪ್ರಿಯವಾಗಿತ್ತು. ಅದರಲ್ಲಿ ಪುಟ್ಟ ಬೊಂಬೆಯನ್ನು ಎಳ್ಳಷ್ಟು ಅಲುಗಿಸಿ ಒಂದು ಚಿತ್ರ, ಮತ್ತೆ ಎಳ್ಳಷ್ಟು ಅಲುಗಿಸಿ ಇನ್ನೊಂದು ಚಿತ್ರ, ಹೀಗೆ ಒಂದು ಕ್ಷಣದ ಚಲನೆಗೆ ಇಪ್ಪತ್ತನಾಲ್ಕು ಚಿತ್ರಗಳನ್ನು ತೆಗೆಯುವ ಪದ್ಧತಿಯನ್ನು ಬಳಸಿದ್ದರು. ತಮ್ಮ ಸ್ಟುಡಿಯೋದ ಅನುಕೂಲಗಳಲ್ಲಿ ಹಾಗೆ ಮಾಡಹೊರಟರೆ ಏಳು ವರ್ಷ ಬೇಕಾದೀತೆಂದು ಅವರು ಲೆಕ್ಕ ಹಾಕಿದರು. ಅವರ ಕೈಯಲ್ಲಿದ್ದದ್ದು ಕೆಲವೇ ತಿಂಗಳು. ಆದುದರಿಂದ ಮನುಷ್ಯನಿಗೇ ಮೃಗದ ಗವಸು ತೊಡಿಸಿ ಕಿರುನಗರದೊಳಗೆ ನಡೆಸುವುದೆಂದು ನಿಶ್ಚಯವಾಯಿತು. ಜಪಾನಿನ ಲೆಕ್ಕದಲ್ಲಿ ಆ ಚಿತ್ರ ಅಗ್ಗದ್ದೇನಲ್ಲ. ಆ ಕಾಲಕ್ಕೆ ದುಬಾರಿಯ ಚಿತ್ರವೇ. ಆದರೆ ಬೇಕಾದುದು ಇಲ್ಲದಿದ್ದಾಗ ಇದ್ದುದರಲ್ಲೇ ದಾರಿ ಹುಡುಕುವ ಬುದ್ಧಿ ಅಲ್ಲಿ ಹುಟ್ಟಿತು. ಮುಂದಿನ ಬಡ ಚಿತ್ರಗಳೆಲ್ಲ ಆ ಬುದ್ಧಿಯ ಸಂತಾನ.

ಕಥೆಯಲ್ಲಿ ಗೊಜಿರಾನ ಎತ್ತರ 50 ಮೀಟರು. ಕಟ್ಟಿದ ಕಿರುನಗರವು ನಿಜದ 25ನೆಯ ಒಂದು ಪಾಲು. ಭಾಗಿಸಿ ನೋಡಿದರೆ ಎರಡು ಮೀಟರು. ಒಬ್ಬ ಆಳು ಗವಸು ತೊಟ್ಟು ನಿಂತ ಎತ್ತರ. ಲೆಕ್ಕವು ಇಷ್ಟು ಸರಳ. ಆದರೆ ಆ ಗವಸಿನ ತೂಕ ಸುಮಾರು 100 ಕಿಲೋ! ಅದನ್ನು ಹೊತ್ತು ನಡೆದವರು ಹರುವೊ ನಕಾಜಿಮಾ ಎಂಬ ನಟ. ಅದೇ ವರ್ಷ ಬಂದ ಕುರೊಸಾವಾ ಅವರ ‘ಏಳು ಸಮುರಾಯ್’ ಚಿತ್ರದಲ್ಲಿ ಕಳ್ಳರ ಗುಂಪಿನ ಒಬ್ಬನಾಗಿ ಸಣ್ಣ ಪಾತ್ರ ಮಾಡಿದ್ದವರು. ಮೃಗ ಹೇಗೆ ಹೆಜ್ಜೆ ಇಡುತ್ತದೆಂದು ತಿಳಿಯಲು ಅವರು ಟೋಕಿಯೋದ ಉಯೆನೋ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆಯನ್ನು ನೋಡುತ್ತ ನಿಂತರು. ಮೊದಲು ಮಾಡಿದ ಗವಸಂತೂ ಎಷ್ಟು ಬಿಗುವೂ ಭಾರವೂ ಆಗಿತ್ತೆಂದರೆ ಅದರಲ್ಲಿ ಕೆಲವು ಹೆಜ್ಜೆಗಳ ಮೇಲೆ ನಡೆಯುವುದೇ ಆಗಲಿಲ್ಲ.

ಇಲ್ಲಿ ನಾಟ್ಯಶಾಸ್ತ್ರದ ಒಂದು ಮಾತನ್ನು ಸ್ಮರಿಸದೆ ಮುಂದೆ ಹೋಗಲಾಗದು. ಆಹಾರ್ಯಾಭಿನಯವನ್ನು ಹೇಳುವಾಗ ಭರತನು ‘ಪುಸ್ತ’ ಎಂಬ ವಿಭಾಗವನ್ನು ಮಾಡುತ್ತಾನೆ. ಚಾಪೆ, ಬಟ್ಟೆ, ತೊಗಲು ಮುಂತಾದವುಗಳನ್ನು ಜೋಡಿಸಿ ರಂಗಕ್ಕೆ ಬೇಕಾದ ಬೆಟ್ಟ, ರಥ, ವಿಮಾನಗಳನ್ನು ಮಾಡಿಕೊಳ್ಳುವ ಕ್ರಮ ಅದು. ಕಣ್ಣ ಮುಂದಿರುವುದು ನಿಜವಾದ ಬೆಟ್ಟವೆಂದು ಪ್ರೇಕ್ಷಕನನ್ನು ವಂಚಿಸುವುದು ಅದರ ಉದ್ದೇಶವಲ್ಲ. ಇದನ್ನು ಬೆಟ್ಟವೆಂದು ಒಪ್ಪಿಕೊಳ್ಳಿರೆಂದು ಆಹ್ವಾನಿಸುವುದು. ಅದೇ ಪ್ರಕರಣದಲ್ಲಿ, ಭಾರವಾದ ಆಭರಣಗಳನ್ನು ಹೊರಿಸಿದರೆ ನಟನು ಬಳಲುತ್ತಾನೆ, ಆದ್ದರಿಂದ ಅರಗು ಮೊದಲಾದ ಹಗುರವಾದ ಸಾಮಗ್ರಿಯಿಂದ ಮಾಡಬೇಕೆಂಬ ಎಚ್ಚರಿಕೆಯೂ ಇದೆ. ವೇಷದ ಅಂದಕ್ಕಿಂತ ವೇಷದೊಳಗಿನ ಜೀವದ ಬಳಲಿಕೆಯನ್ನು ಶಾಸ್ತ್ರಕಾರನು ಮೊದಲು ನೆನೆದನೆಂಬುದು ಗಮನಾರ್ಹ. ತೋಹೋದವರಿಗೆ ಆ ಸಲಹೆ ತಲುಪಿರಲಿಲ್ಲವೆನ್ನೋಣ!

ನಟನ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ತೆಗೆದುಕೊಳ್ಳುವ ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. 25 ಪಾಲು ಚಿಕ್ಕದಾದ ಗೋಡೆಯು ನಿಜದ ಗೋಡೆಗಿಂತ ಐದು ಪಟ್ಟು ಬೇಗ ಕುಸಿದು ಬೀಳುತ್ತದೆ. ಹಾಗೆಯೇ ಚಿತ್ರೀಕರಿಸಿದರೆ ಅದು ಆಟಿಕೆಯೆಂಬ ಗುಟ್ಟು ಆ ಗಳಿಗೆಯಲ್ಲೇ ಬಯಲು. ಆದುದರಿಂದ ಕ್ಯಾಮೆರಾವನ್ನು ವಾಡಿಕೆಗಿಂತ ವೇಗವಾಗಿ ಓಡಿಸಿ, ತೋರಿಸುವಾಗ ವಾಡಿಕೆಯ ವೇಗದಲ್ಲಿ ತೋರಿಸುತ್ತಾರೆ. ಆಗ ಕಟ್ಟಡವು ನಿಧಾನವಾಗಿ, ಗಂಭೀರವಾಗಿ ಉರುಳುತ್ತದೆ. ಮೃಗದ ಹೆಜ್ಜೆಗೆ ಮಹಾಕಾಯದ ತೂಕ ಬರುತ್ತದೆ. ಆದರೆ ಕ್ಯಾಮೆರಾದ ವೇಗ ಹೆಚ್ಚಿದಂತೆ ಒಂದೊಂದು ಚಿತ್ರಕ್ಕೂ ಸಿಗುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ದೀಪಗಳನ್ನು ಹೆಚ್ಚಿಸಬೇಕು. ದೀಪ ಹೆಚ್ಚಿದರೆ ಬೇಗೆ ಹೆಚ್ಚುತ್ತದೆ. ನಾವು ಬೆಳ್ಳಿತೆರೆಯ ಮೇಲೆ ನೋಡುವ ಆ ಗಾಂಭೀರ್ಯದ ಬೆಲೆಯನ್ನು ರಬ್ಬರಿನ ಒಳಗೆ ಬೆವರಿನಲ್ಲಿ ತೊಯ್ದ ಒಬ್ಬ ಮನುಷ್ಯ ತೆತ್ತಿದ್ದಾನೆ. ನಕಾಜಿಮಾ ಅವರು 1972ರವರೆಗೆ ಹನ್ನೆರಡು ಚಿತ್ರಗಳಲ್ಲಿ ಆ ಗವಸನ್ನು ತೊಟ್ಟರು. ಅದನ್ನು ತೊಟ್ಟಾಗಲೆಲ್ಲ ಅವರ ಮುಖ ಮೃಗದ ಮುಖದ ಹಿಂದೆಯೇ ಉಳಿಯಿತು. ತನ್ನ ಮುಖವನ್ನು ತೋರದೆ ಮಾಡಿದ ಈ ದುಡಿಮೆಗೆ ನಮ್ಮ ಹಿರಿಯರ ಮಾತಿನಲ್ಲಿ ಕಾಯಕವೆಂಬ ಹೆಸರು ಸಲ್ಲುವುದಿಲ್ಲವೇ?

ಗೊಜಿರಾನ ಗರ್ಜನೆಯ ಕಥೆಯೂ ಹೀಗೆಯೇ. ಯಾವ ಪ್ರಾಣಿಯ ಕೂಗೂ ಸರಿಹೊಂದದೆ ಹೋದಾಗ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರು ಭಾರಿ ಪಿಟೀಲಿನಂಥ ಡಬಲ್ ಬಾಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಬಳಿದ ತೊಗಲಿನ ಕೈಗವಸಿನಿಂದ ಅದನ್ನು ಉಜ್ಜಿಸಿ, ಆ ಧ್ವನಿಯ ವೇಗವನ್ನು ಬದಲಿಸಿ ಗರ್ಜನೆಯನ್ನು ಪಡೆದರು. ಒಂದು ತಂತಿ, ಒಂದು ತೊಗಲು, ಒಂದಿಷ್ಟು ರಾಳ. ಕೋಟಿ ಕೋಟಿ ಸುರಿದು ಮಾಡಿದ ಎಷ್ಟೋ ಶಬ್ದಗಳನ್ನು ನಾವು ಮರೆತಿದ್ದೇವೆ. ಈ ಕೂಗನ್ನು ಲೋಕ ಮರೆತಿಲ್ಲ.

ಇಷ್ಟು ಕೇಳಿದವರು, ‘ಚಾತುರ್ಯವೇನೋ ಸರಿ, ಆದರೆ ಅದರಲ್ಲಿ ಸಾರವೇನಿದೆ?’ ಎಂದು ಪ್ರಶ್ನಿಸಬಹುದು. ಉತ್ತರಕ್ಕಾಗಿ ಆ ವರ್ಷದ ಪಂಚಾಂಗವನ್ನು ತಿರುವಿಹಾಕಬೇಕು. 1945ರ ಆಗಸ್ಟಿನಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳು ಅಣುಬಾಂಬಿಗೆ ಆಹುತಿಯಾದವು. ಯುದ್ಧದ ಬಳಿಕ ಚೀನಾದಿಂದ ಊರಿಗೆ ಮರಳುವಾಗ ಸೈನಿಕರಾಗಿದ್ದ ಹೊಂಡಾ ಅವರು ಹಿರೋಷಿಮಾದ ಹಾಳನ್ನು ಕಣ್ಣಾರೆ ಕಂಡರು. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿತು. ದೂರದಲ್ಲಿ ಟ್ಯೂನಾ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ವಿಷಬೂದಿ ಸುರಿಯಿತು. ದೋಣಿಯಲ್ಲಿದ್ದವರು 23 ಮಂದಿ. ಅವರಲ್ಲಿ ರೇಡಿಯೋ ಕೆಲಸಗಾರರಾಗಿದ್ದ ಐಕಿಚಿ ಕುಬೊಯಾಮಾ ಅವರು ಸೆಪ್ಟೆಂಬರ್ 23ರಂದು ತೀರಿಕೊಂಡರು. ‘ಗೊಜಿರಾ’ ಬಿಡುಗಡೆಯಾದದ್ದು ಅದೇ ವರ್ಷದ ನವೆಂಬರ್ 3ರಂದು. ಚಿತ್ರದ ಆರಂಭದಲ್ಲೇ ಸಮುದ್ರದ ನಡುವೆ ಹಡಗೊಂದು ಬೆಳಕಿನ ಹೊಡೆತಕ್ಕೆ ಸಿಕ್ಕಿ ಉರಿಯುತ್ತದೆ. ಅದನ್ನು ನೋಡಿದ ಜಪಾನೀಯರಿಗೆ ಯಾವ ದೋಣಿಯ ನೆನಪಾಗಿರಬೇಕೆಂದು ಹೇಳಬೇಕಿಲ್ಲ.

ಜಲಬಾಂಬಿನ ಪರೀಕ್ಷೆಯಿಂದ ನೆಲೆ ತಪ್ಪಿ ಎದ್ದುಬಂದ ಮೃಗವು ನಗರವನ್ನು ಸುಡುತ್ತಿರುವಾಗ, ಬೀದಿಯ ಮೂಲೆಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನು ಸ್ವಲ್ಪ ಹೊತ್ತಿನಲ್ಲಿ ಅಪ್ಪನಿರುವಲ್ಲಿಗೇ ಹೋಗುತ್ತೇವೆಂದು ಸಮಾಧಾನ ಹೇಳುತ್ತಾಳೆ. ರಬ್ಬರಿನ ಮೃಗ ಅಲ್ಲಿ ನೆಪಮಾತ್ರ. ಆ ತಾಯಿ ನಿಜ. ಕಡೆಯಲ್ಲಿ ಮೃಗವನ್ನು ಕೊಲ್ಲಬಲ್ಲ ಘೋರವಾದ ಅಸ್ತ್ರವೊಂದನ್ನು ಕಂಡುಹಿಡಿದ ವಿಜ್ಞಾನಿ ಸೆರಿಜಾವಾ, ತನ್ನ ವಿದ್ಯೆ ಮುಂದೆ ಮನುಷ್ಯರ ಮೇಲೆಯೇ ಪ್ರಯೋಗವಾದೀತೆಂದು ಹೆದರಿ ಟಿಪ್ಪಣಿಗಳನ್ನೆಲ್ಲ ಸುಟ್ಟು, ಅಸ್ತ್ರವನ್ನು ಒಂದೇ ಸಲ ಬಳಸಿ, ಸಮುದ್ರದ ತಳದಲ್ಲಿ ಮೃಗದೊಡನೆ ತಾನೂ ಪ್ರಾಣ ಬಿಡುತ್ತಾನೆ. ವಿದ್ಯಾವಂತನ ಹೊಣೆ ಏನೆಂಬ ಬಗ್ಗೆ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಎಷ್ಟು ಗಂಭೀರ ಗ್ರಂಥಗಳು ಎತ್ತಿವೆ?

ಮುಂದಿನ ದಶಕದಲ್ಲಿ ಕಾಲ ಬದಲಾಯಿತು. ಜಪಾನಿನ ಮನೆಮನೆಗೂ ಟೆಲಿವಿಷನ್ ಬಂದಿತು. ಚಿತ್ರಮಂದಿರಗಳಿಗೆ ಬರುವವರು ಕಡಿಮೆಯಾದರು. ನಿರ್ಮಾಪಕರ ಥೈಲಿ ಬರಿದಾಗತೊಡಗಿತು. ದೈತ್ಯಮೃಗಗಳ ಚಿತ್ರಗಳು ನಿಜವಾಗಿ ಬಡವಾದದ್ದು ಆಗ. 1965ರಲ್ಲಿ ದಾಯೇ ಸಂಸ್ಥೆಯು ನೊರಿಯಾಕಿ ಯುವಾಸಾ ಅವರ ನಿರ್ದೇಶನದಲ್ಲಿ ‘ಗಮೇರಾ’ ಎಂಬ ದೈತ್ಯ ಆಮೆಯನ್ನು ತೆರೆಗೆ ತಂದಿತು. ಇತರರು ಬಣ್ಣದಲ್ಲಿ ಚಿತ್ರ ತೆಗೆಯುತ್ತಿದ್ದ ದಿನಗಳಲ್ಲಿ ಅದು ಕಪ್ಪು ಬಿಳುಪಿನಲ್ಲೇ ಬಂತು. ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು, ಆ ರಂಧ್ರಗಳಿಂದ ಬೆಂಕಿ ಉಗುಳುತ್ತ, ಚಕ್ರದಂತೆ ಗಿರ್ರನೆ ತಿರುಗಿ ಆಕಾಶಕ್ಕೇರುವ ಆಮೆ! ತರ್ಕದ ಕಣ್ಣಿಗೆ ಇದೊಂದು ಹುಚ್ಚು. ಆದರೆ ಆ ಚಿತ್ರದಲ್ಲಿ, ಸಾಕಿದ ಆಮೆಯನ್ನು ಬಿಟ್ಟುಕೊಡಬೇಕಾಗಿ ಬಂದ ತೊಶಿಯೋ ಎಂಬ ಹುಡುಗನಿದ್ದಾನೆ. ಅವನು ದೀಪಸ್ತಂಭವನ್ನು ಹತ್ತಿ ಗಮೇರಾನನ್ನು ನೋಡುತ್ತಿರಲು, ಮೃಗದ ಹೊಡೆತಕ್ಕೆ ಸ್ತಂಭ ಮುರಿಯುತ್ತದೆ. ಬೀಳುತ್ತಿರುವ ಹುಡುಗನನ್ನು ಅದೇ ಮೃಗ ಕೈಯಲ್ಲಿ ಹಿಡಿದು ಮೆಲ್ಲನೆ ಇಳಿಸುತ್ತದೆ. ಆ ಒಂದು ದೃಶ್ಯದಿಂದ ಗಮೇರಾ ಮಕ್ಕಳ ಬಂಧುವಾಯಿತು. 1968ರ ಹೊತ್ತಿಗೆ ಹಣದ ಮುಗ್ಗಟ್ಟು ಎಷ್ಟು ಬಿಗಿಯಾಯಿತೆಂದರೆ, ಆ ವರ್ಷದ ಗಮೇರಾ ಚಿತ್ರದಲ್ಲಿ ಹಳೆಯ ಚಿತ್ರಗಳ ಕಾಳಗಗಳನ್ನೇ ಉದ್ದುದ್ದ ಕತ್ತರಿಸಿ ಅಂಟಿಸಿದರು. 1971ರಲ್ಲಿ ದಾಯೇ ಸಂಸ್ಥೆ ದಿವಾಳಿಯಾಯಿತು. ಸಂಸ್ಥೆ ಮುಳುಗಿದರೂ ಆಮೆ ಮುಳುಗಲಿಲ್ಲ. 1995ರಲ್ಲಿ ಹೊಸ ಚಿತ್ರವಾಗಿ ಮತ್ತೆ ಎದ್ದುಬಂತು.

ಬಡತನದ ಚಿತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು 1969ರಲ್ಲಿ ಹೊಂಡಾ ಅವರೇ ನಿರ್ದೇಶಿಸಿದ, ಇಂಗ್ಲಿಷಿನಲ್ಲಿ ‘ಆಲ್ ಮಾನ್‌ಸ್ಟರ್ಸ್ ಅಟ್ಯಾಕ್’ ಎಂಬ ಹೆಸರಿನ ಚಿತ್ರ. ಗಾಡ್ಜಿಲ್ಲಾ ಚಿತ್ರಗಳಲ್ಲೆಲ್ಲ ಕನಿಷ್ಠವೆಂದು ಇದನ್ನು ಹಳಿಯುವವರೇ ಹೆಚ್ಚು. ಇದರ ಕಾಳಗಗಳಲ್ಲಿ ಬಹುಪಾಲು ಹಿಂದಿನ ಚಿತ್ರಗಳಿಂದ ಎತ್ತಿಕೊಂಡವು. ಉದ್ದವೂ ಕೇವಲ ಎಪ್ಪತ್ತು ನಿಮಿಷದಷ್ಟು. ಆದರೆ ಅದರ ಕಥೆಯನ್ನು ಸ್ವಲ್ಪ ಗಮನಿಸಿರಿ. ಹೊಗೆಗೊಳವೆಗಳ ಕಾರ್ಖಾನೆಯ ಊರು. ತಂದೆ ರೈಲು ಇಂಜಿನ್ನಿನ ಚಾಲಕ. ತಾಯಿಯೂ ದುಡಿಯಲು ಹೋಗುವವಳು. ಇಚಿರೋ ಎಂಬ ಹುಡುಗ ಶಾಲೆಯಿಂದ ಬಂದು ತಾನೇ ಬೀಗ ತೆಗೆದು ಬರಿದಾದ ಮನೆಯನ್ನು ಹೊಗುತ್ತಾನೆ. ಇಂಥ ಮಕ್ಕಳಿಗೆ ಜಪಾನೀ ಭಾಷೆಯಲ್ಲಿ ‘ಕಗಿಕ್ಕೋ’ ಎಂಬ ಹೆಸರೇ ಉಂಟು. ಬೀಗದ ಕೈಯ ಮಗು ಎಂದು ಅದರ ಅರ್ಥ. ಬೀದಿಯಲ್ಲಿ ಪುಂಡ ಹುಡುಗರ ಕಾಟ. ಪಕ್ಕದಲ್ಲಿರುವ ಆಟಿಕೆ ತಯಾರಿಸುವ ವೃದ್ಧನೊಬ್ಬನೇ ಅವನನ್ನು ವಿಚಾರಿಸುವವನು. ಹುಡುಗ ಕಣ್ಣು ಮುಚ್ಚಿದರೆ ಸಾಕು, ದೈತ್ಯರ ದ್ವೀಪಕ್ಕೆ ಹಾರಿಹೋಗುತ್ತಾನೆ. ಅಲ್ಲಿ ಗಾಡ್ಜಿಲ್ಲಾನ ಮಗ ಮಿನಿಲ್ಲಾ ಇವನಷ್ಟೇ ಎತ್ತರದವನಾಗಿ ಇವನೊಡನೆ ಮಾತಾಡುತ್ತಾನೆ. ಅವನಿಗೂ ಒಬ್ಬ ಪುಂಡನ ಕಾಟವಿದೆ! ಅವನು ಎದುರಿಸಿ ನಿಲ್ಲಲು ಕಲಿಯುವುದನ್ನು ನೋಡಿ ಇಚಿರೋನೂ ಕಲಿಯುತ್ತಾನೆ. ಬ್ಯಾಂಕು ದೋಚಿದ ಕಳ್ಳರ ಕೈಗೆ ಸಿಕ್ಕಿದಾಗ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಾನೆ.

ಈ ಚಿತ್ರದಲ್ಲಿ ಹಳೆಯ ತುಣುಕುಗಳನ್ನು ಅಂಟಿಸಿದ್ದು ದೋಷವೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವು ಒಬ್ಬ ಮಗುವಿನ ಕನಸಿನೊಳಗೆ ಬರುವ ದೃಶ್ಯಗಳು. ಮಗು ಕನಸು ಕಾಣುವುದು ತಾನು ಹಿಂದೆ ನೋಡಿದ ಚಿತ್ರಗಳಿಂದಲೇ ಅಲ್ಲವೇ? ಕೈಯಲ್ಲಿ ಕಾಸಿಲ್ಲದಾಗ ಹೊಂಡಾ ಅವರು ಕೊರತೆಯನ್ನು ಮುಚ್ಚಿಡಲು ಹೆಣಗದೆ, ಕೊರತೆಯೇ ಅರ್ಥವಾಗುವಂಥ ಕಥೆಯನ್ನು ಮಾಡಿಕೊಂಡರು. ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುವ ಗೃಹಿಣಿಯ ಜಾಣತನ ಇದು. ಕೌದಿಯ ತೇಪೆಗಳು ಎಲ್ಲರಿಗೂ ಕಾಣುತ್ತವೆ. ಚಳಿಯಲ್ಲಿ ಅದರ ಬೆಚ್ಚನೆಗೆ ಅದರಿಂದ ಕುಂದಿಲ್ಲ.

ಹಾಗೆಂದು ಅಗ್ಗವಾದುದೆಲ್ಲ ಚೆಲುವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1957ರಲ್ಲಿ ‘ದಿ ಜಯಂಟ್ ಕ್ಲಾ’ ಎಂಬ ಚಿತ್ರ ಬಂತು. ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್ ಖರ್ಚು ಉಳಿಸುವುದಕ್ಕಾಗಿ ದೈತ್ಯ ಹಕ್ಕಿಯ ದೃಶ್ಯಗಳನ್ನು ಮೆಕ್ಸಿಕೋದಲ್ಲಿ ಮಾಡಿಸಿದರು. ನಟರು ಹಕ್ಕಿಯನ್ನು ಕಾಣದೆಯೇ ಬರಿಯ ಆಕಾಶವನ್ನು ನೋಡಿ ಹೆದರಿದಂತೆ ಅಭಿನಯಿಸಿದ್ದರು. ಚಿತ್ರಮಂದಿರದಲ್ಲಿ ಕಂಡದ್ದು ಉದ್ದ ಕೊರಳಿನ, ಕೆದರಿದ ಜುಟ್ಟಿನ, ಗುಡ್ಡೆಗಣ್ಣಿನ ಸೂತ್ರದ ಗೊಂಬೆ. ಜನರ ನಗೆ ತಡೆಯಲಾರದೆ ನಾಯಕನಟ ಜೆಫ್ ಮಾರೋ ಕತ್ತಲಲ್ಲೇ ಹೊರಗೆ ನುಸುಳಿಹೋದುದನ್ನು ತಾವೇ ಮುಂದೆ ಹೇಳಿಕೊಂಡರು. ಇಲ್ಲಿ ಕೊರತೆ ಹಣದ್ದಷ್ಟೇ ಅಲ್ಲ. ನಟರ ಶ್ರದ್ಧೆಗೆ ಸಾಟಿಯಾದ ಶ್ರದ್ಧೆಯನ್ನು ಹಕ್ಕಿಯ ವಿಷಯದಲ್ಲಿ ತೋರಿಸಲಿಲ್ಲ. ಆದರೂ ಈ ಚಿತ್ರವನ್ನು ಇಂದಿಗೂ ಅಕ್ಕರೆಯಿಂದ ನೋಡುವವರಿದ್ದಾರೆ. ಏಕೆಂದರೆ ಆ ನಟರು ಕಾಣದ ಹಕ್ಕಿಯನ್ನು ನಂಬಿ, ಒಮ್ಮೆಯೂ ಕಣ್ಣು ಮಿಟುಕಿಸಿ ಗೇಲಿ ಮಾಡದೆ, ತಮ್ಮ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ. ನಗು ಹಕ್ಕಿಗೆ ಸಲ್ಲುತ್ತದೆ. ಅಕ್ಕರೆ ಆ ಪ್ರಾಮಾಣಿಕತೆಗೆ ಸಲ್ಲುತ್ತದೆ.

ಇದೇ ಈ ಚಿತ್ರಗಳ ಸೊಗಸಿನ ಗುಟ್ಟೆಂದು ನನ್ನ ಭಾವನೆ. ಸಂಪತ್ತು ಎಲ್ಲವನ್ನೂ ನಿಜದಂತೆ ತೋರಿಸಿದಾಗ ಪ್ರೇಕ್ಷಕನು ಬಾಯಿ ತೆರೆದು ನೋಡುತ್ತಾನೆ. ಅವನಿಂದ ಏನೂ ಬೇಕಾಗಿಲ್ಲ. ಬಡ ಚಿತ್ರವು ಅರ್ಧವನ್ನು ತಾನು ಮಾಡಿ ಉಳಿದರ್ಧವನ್ನು ನಮ್ಮ ಮನಸ್ಸಿಗೆ ಬಿಡುತ್ತದೆ. ನಾವು ಕೈಗೂಡಿಸಿದರೇ ಆ ಮೃಗ ಎದ್ದು ನಡೆಯುತ್ತದೆ. ಮಕ್ಕಳಿಗೆ ಈ ಕೈಗೂಡಿಸುವಿಕೆ ಸಹಜವಾಗಿ ಬರುತ್ತದೆ. ಮರದ ತುಂಡನ್ನು ಕುದುರೆಯೆಂದು ಏರುವವರು ಅವರು. ಬೆಳೆದ ನಾವು ಮಾತ್ರ ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ಹುಡುಕುತ್ತೇವೆ.

ಸಾಧನ ಕಡಿಮೆಯಿದ್ದರೂ ಸಾಧನೆಗೆ ಕೊರತೆಯಾಗಬೇಕಿಲ್ಲವೆಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. 2023ರಲ್ಲಿ ತೋಹೋ ಸಂಸ್ಥೆಯ ‘ಗಾಡ್ಜಿಲ್ಲಾ ಮೈನಸ್ ಒನ್’ ಬಂತು. ಬರೆದವರೂ ನಿರ್ದೇಶಿಸಿದವರೂ ತಂತ್ರದೃಶ್ಯಗಳ ಮೇಲ್ವಿಚಾರಣೆ ಮಾಡಿದವರೂ ತಕಾಶಿ ಯಮಜಾಕಿ ಒಬ್ಬರೇ. ಖರ್ಚು ಒಂದೂವರೆ ಕೋಟಿ ಡಾಲರಿಗೂ ಕಡಿಮೆ. ಹಾಲಿವುಡ್ಡಿನ ಇಂಥ ಚಿತ್ರಗಳಿಗೆ ಅದರ ಹತ್ತಾರು ಪಟ್ಟು ಹಣ ಬೇಕಾಗುತ್ತದೆ. 610 ತಂತ್ರದೃಶ್ಯಗಳನ್ನು ಮಾಡಿದವರು 35 ಜನ. ಈಗ ರಬ್ಬರಿನ ಬದಲು ಕಂಪ್ಯೂಟರು ಬಂದಿದೆ, ಆದರೆ ಕೆಲವೇ ಕೈಗಳು ಹತ್ತಿರ ಕುಳಿತು ದುಡಿಯುವ ಕ್ರಮ ತ್ಸುಬುರಾಯಾ ಅವರ ಕಾಲದ್ದೇ. 2024ರ ಮಾರ್ಚ್ 10ರಂದು ಆ ಚಿತ್ರಕ್ಕೆ ತಂತ್ರದೃಶ್ಯಗಳಿಗಾಗಿ ಆಸ್ಕರ್ ಪ್ರಶಸ್ತಿ ಸಂದಿತು. ಅಷ್ಟು ವರ್ಷಗಳ ಪರಂಪರೆಗೆ ದೊರೆತ ಮೊದಲ ಆಸ್ಕರ್ ಅದು. ಪುಟ್ಟ ಗಾಡ್ಜಿಲ್ಲಾ ಬೊಂಬೆಗಳನ್ನು ಕೈಯಲ್ಲಿ ಹಿಡಿದೇ ಅವರು ಆ ವೇದಿಕೆಯನ್ನೇರಿದರು. ನಕಾಜಿಮಾ ಅವರು ಅದನ್ನು ನೋಡಲು ಇರಲಿಲ್ಲ. 2017ರ ಆಗಸ್ಟಿನಲ್ಲಿಯೇ ಅವರು ತೀರಿಕೊಂಡಿದ್ದರು.

ಆದುದರಿಂದ ಬಂಧುಗಳೇ, ಮುಂದಿನ ರಜೆಯಲ್ಲಿ ಮಕ್ಕಳು ಇಂಥ ಚಿತ್ರವೊಂದನ್ನು ನೋಡುತ್ತಿದ್ದರೆ ನಕ್ಕು ಎದ್ದುಹೋಗಬೇಡಿರಿ. ತೀರ ಎಳೆಯರಿಗೆ 1954ರ ಚಿತ್ರ ಭಾರವಾದೀತು. ಅವರಿಗೆ ಆಮೆಯೇ ಸಾಕು. ಪಕ್ಕದಲ್ಲಿ ಕುಳಿತು, ‘ಆ ಗವಸಿನೊಳಗೆ ಯಾರಿದ್ದಾರೆ ಬಲ್ಲೆಯಾ?’ ಎಂದು ಕೇಳಿರಿ. ಕಟ್ಟಡ ಏಕೆ ನಿಧಾನವಾಗಿ ಬೀಳುತ್ತದೆಂದು ದೊಡ್ಡ ಮಕ್ಕಳಿಂದ ಲೆಕ್ಕ ಹಾಕಿಸಿರಿ. ಹಿರೋಷಿಮಾದ ಕಥೆಯನ್ನು ಹೇಳಲು ಅದೇ ತಕ್ಕ ಸಮಯವಾದೀತು. ಬೆರಗಿನ ಹಿಂದೆ ದುಡಿದ ಕೈಯನ್ನು ಕಾಣಲು ಕಲಿತ ಮಗು ನಾಳೆ ಬಡವನ ಅಂಗಡಿಯ ವಸ್ತುವನ್ನೂ, ಹಳ್ಳಿಯ ಕಲಾವಿದನ ಮಾಸಿದ ವೇಷವನ್ನೂ ಹೀಗಳೆಯುವುದಿಲ್ಲ.

ಇನ್ನೂ ಒಂದು ಮಾತು. ಇಂದು ನಮ್ಮ ಮನೆಗಳಲ್ಲಿಯೂ ತಂದೆತಾಯಿಗಳಿಬ್ಬರೂ ದುಡಿಯಲು ಹೋಗುತ್ತಾರೆ. ತಾವೇ ಬೀಗ ತೆಗೆದು ಒಳಗೆ ಬರುವ ಇಚಿರೋಗಳು ನಮ್ಮಲ್ಲೂ ಇದ್ದಾರೆ. ದುಡಿಮೆ ತಪ್ಪಲ್ಲ, ತಪ್ಪಿಸಲೂ ಆಗದು. ಆದರೆ ಸಂಜೆ ಬಂದ ಮೇಲೆ, ಈ ದಿನ ನಿನ್ನ ದ್ವೀಪದಲ್ಲಿ ಏನು ನಡೆಯಿತೆಂದು ಆ ಮಗುವನ್ನು ಕೇಳುವುದಕ್ಕೆ ಖರ್ಚೇನೂ ಇಲ್ಲ. ಕೇಳಿದವರಿಗೆ ಮಾತ್ರ ಮಕ್ಕಳು ತಮ್ಮ ದೈತ್ಯರನ್ನು ಪರಿಚಯಿಸುತ್ತಾರೆ.